ಧಾರವಾಡ ಸೀಮೆಯ ಶಾವಿಗೆ

ಗಟ್ಟಿ ಗೋದಿಯ ಸಣ್ಣ ರವೆಯನ್ನು ನಾದಿ, ಎಳೆಯಾಗಿ ಹೊಸೆದು ಒಣಗಿಸಿಡುವ ತಿನಿಸು. ಹುಬ್ಬಳ್ಳಿ-ಧಾರವಾಡದ ಮನೆಮಾತಿನಲ್ಲಿ ‘ಶಾವಿಗಿ’. ಹಳೆ ಮೈಸೂರು ಕಡೆ ಶಾವಿಗೆ ಎಂದರೆ ಬೆಂದ ಅಕ್ಕಿಹಿಟ್ಟನ್ನು ಒರಳಿನಲ್ಲಿ ಒತ್ತಿ ಬಿಸಿಯಾಗಿಯೇ ತಿನ್ನುವ ಒತ್ತುಶಾವಿಗೆ. ಅಕ್ಕಿಹಿಟ್ಟನ್ನು ಎಳೆದರೆ ಹರಿಯುತ್ತದೆ, ಆದ್ದರಿಂದ ಒತ್ತಬೇಕು. ಗೋದಿಹಿಟ್ಟಿಗೆ ಜಿಗಿ ಇದೆ, ಆದ್ದರಿಂದ ಹೊಸೆಯಬಹುದು.

ಈ ಶಾವಿಗೆಯ ಚರಿತ್ರೆ ಬಹುಪಾಲು ಅದಕ್ಕೆ ಬಳಸುವ ಜವೆಗೋದಿಯ ಚರಿತ್ರೆ. ಸದಕ, ಕಪಲಿ ಎಂಬ ಹೆಸರುಗಳೂ ಈ ಗೋದಿಗಿವೆ. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮನುಷ್ಯರು ಪಳಗಿಸಿದ ಮೊದಲ ಗೋದಿಗಳಲ್ಲಿ ಇದೂ ಒಂದು. ಒಕ್ಕಿದರೂ ಸಿಪ್ಪೆ ಬಿಡುವುದಿಲ್ಲ, ಕುಟ್ಟಲೇಬೇಕು. ಚಪಾತಿ ಗೋದಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28. ಪಾಸ್ತಾ ಮಾಡುವ ಡ್ಯೂರಮ್ ಗೋದಿಯಲ್ಲೂ ಅಷ್ಟೇ. ಇಟಲಿಯವರು ‘ಫಾರೋ’ ಎಂದು ಬೆಳೆಯುವ ಗೋದಿಗಳಲ್ಲಿ ಮುಖ್ಯವಾದದ್ದು ಜವೆಗೋದಿಯೇ. ಮ್ಯಾಕರೋನಿ ಮತ್ತು ಶಾವಿಗೆ ಹೀಗೆ ದಾಯಾದಿಗಳು. ಎರಡೂ ಕುದಿನೀರಿಗೆ ಬಿದ್ದರೆ ಕರಗಿ ಅಂಬಲಿಯಾಗುವುದಿಲ್ಲ.

ಶಾವಿಗೆ ಬೇಸಿಗೆಯ ಕೆಲಸ. ಗೋದಿಗೆ ನೀರು ಚಿಮುಕಿಸಿ ಕಟ್ಟಿಟ್ಟು, ಬೀಸಿ, ಬಟ್ಟೆಯಲ್ಲಿ ಸೋಸಿ ಸಣ್ಣ ರವೆ ತೆಗೆಯುತ್ತಾರೆ. ನಾದಿದ ಮುದ್ದೆಯನ್ನು ಎಣ್ಣೆಗೈಯಿಂದ ಮಿದ್ದು ಮಿದ್ದು ಬೆಣ್ಣೆಯಂತೆ ಮಾಡಬೇಕು. ಓರೆಯಾಗಿ ಒರಗಿಸಿದ ಮಣೆಯ ಮೇಲೆ ಒಬ್ಬಾಕೆ ಅಂಗೈಯಿಂದ ಹೊಸೆಯುತ್ತ ಹೋದಂತೆ ಎಳೆ ಕೆಳಗಿಳಿಯುತ್ತದೆ; ಇನ್ನೊಬ್ಬಾಕೆ ಅದನ್ನು ಹಿಡಿದು ಕೋಲಿಗೆ ಹಾಕುತ್ತಾಳೆ. ಇಬ್ಬರ ಕೈಯ ಓಟ ಒಂದೇ ಆಗಿರಬೇಕು, ಇಲ್ಲದಿದ್ದರೆ ಎಳೆ ತುಂಡಾಗುತ್ತದೆ. ಓಣಿಯ ಹೆಂಗಸರು ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೂಡಿ ಮುಗಿಸುತ್ತಿದ್ದರು. ಕೈಯಿಂದ ತಿರುಗಿಸುವ ಮಷೀನು, ಆಮೇಲೆ ಕರೆಂಟಿನ ಗಿರಣಿ ಬಂದ ಮೇಲೆ ಹೊಸೆಯುವ ಕೈಗಳು ಕಡಿಮೆಯಾದವು. ಇದು ನಿಜವಾದ ನಷ್ಟ: ಕೈಶಾವಿಗೆಯ ಕೂದಲೆಳೆಯ ನಯ ಅಚ್ಚಿನಿಂದ ಇಳಿದ ಎಳೆಗೆ ಬರುವುದಿಲ್ಲ.

ಅದೇ ಹಿಟ್ಟಿನಿಂದ ಪಾಯಸಕ್ಕೆ ಬೇರೆ ಆಕಾರಗಳೂ ಆಗುತ್ತವೆ. ಚಿಟಿಕೆ ಹಿಟ್ಟನ್ನು ಬೆರಳತುದಿಯಲ್ಲಿ ಒತ್ತಿದರೆ ಬಟವಿ, ಎರಡು ಬೆರಳ ನಡುವೆ ಹೊರಳಿಸಿದರೆ ಸೌತಿಬೀಜ, ಕಡ್ಡಿಗೆ ಸುತ್ತಿ ಜಾರಿಸಿದರೆ ಮಾಲತಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಜೋಡಿಸಿಡುವ ರುಖವತದಲ್ಲಿ ಇವನ್ನು ಇಡುತ್ತಾರೆ.

ಸಿಪ್ಪೆ ಬಿಡಿಸುವ ಕಷ್ಟ, ಕಡಿಮೆ ಇಳುವರಿ, ಉದ್ದ ಬೆಳೆದು ನೆಲಕ್ಕೊರಗುವ ಪೈರು, ಇವುಗಳಿಂದ ಜವೆಗೋದಿ ಹಿಂದೆ ಸರಿದಿತ್ತು. ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಶುರುವಾಯಿತು. 1986ರಲ್ಲಿ ಅಲ್ಲಿಯೇ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿನ ವಿಜ್ಞಾನಿಗಳು ಡಿಡಿಕೆ 1025, ಡಿಡಿಕೆ 1029 ಮೊದಲಾದ ಗಿಡ್ಡ ತಳಿಗಳನ್ನು ಕೊಟ್ಟು ಈ ಗೋದಿಗೆ ಮತ್ತೆ ಹೊಲದಲ್ಲಿ ಜಾಗ ಮಾಡಿದರು. ನಾರು ಹೆಚ್ಚು, ನಿಧಾನವಾಗಿ ಜೀರ್ಣವಾಗುತ್ತದೆ ಎಂದು ಸಕ್ಕರೆ ಕಾಯಿಲೆಯವರು ಈಗ ಅದನ್ನು ಹುಡುಕಿಕೊಂಡು ಬರುತ್ತಾರೆ.

ಉಣ್ಣುವ ಬಗೆ ಸರಳ: ಬಸಿದ ಬಿಸಿ ಶಾವಿಗೆ, ಬೆಲ್ಲ, ಹಾಲು, ಮೇಲೊಂದಿಷ್ಟು ತುಪ್ಪ. ರಂಜಾನ್ ಹಬ್ಬದಲ್ಲಿ ಹುಬ್ಬಳ್ಳಿಯ ಮುಸ್ಲಿಂ ಮನೆಗಳಲ್ಲಿ ಅದು ಖರ್ಜೂರದೊಡನೆ ಶೀರ್ ಖುರ್ಮಾ. ಮಾಂಸದ ಜೊತೆಗಿನ ಶಾವಿಗೆಗೆ ಘಟ್ಟ ಇಳಿದು ಭಟ್ಕಳಕ್ಕೆ ಹೋಗಬೇಕು. ಅಲ್ಲಿನ ನವಾಯತ ಮುಸ್ಲಿಮರು ಈರುಳ್ಳಿ-ಟೊಮೆಟೊ ಮಸಾಲೆಯಲ್ಲಿ ಬೆಂದ ಮಾಂಸದ ಮೇಲೆ ಶಾವಿಗೆ ಹರಡಿ, ಮುಚ್ಚಳ ಬಿಗಿದು ದಮ್ ಕೊಡುತ್ತಾರೆ. ಇಟಲಿಯವರು ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುವ ಲಸಾನ್ಯಾಕ್ಕೆ ಕರ್ನಾಟಕದಲ್ಲಿ ತೀರ ಹತ್ತಿರದ ಅಡುಗೆ ಈ ಶಾವಿಗೆ ಬಿರಿಯಾನಿ.