ವೇದಾವತಿಯ ಮೀನುಗಳು: ಮತ್ಸ್ಯರಕ್ಷಣೆಯ ಚರಿತ್ರೆಯಲ್ಲಿ ಒಂದು ವಿಚಾರ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಿಂದ ಹೊಸದುರ್ಗ, ಹಿರಿಯೂರುಗಳವರೆಗೆ ಹಬ್ಬಿರುವ ಬಯಲುಸೀಮೆಗೆ ಮುಖ್ಯವಾದ ನದಿಯೆಂದರೆ ವೇದಾವತಿ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ಈ ನದಿಯಾಗುತ್ತವೆ. ಮುಂದೆ ಇದು ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಈ ನದಿಯ ಚರಿತ್ರೆಯನ್ನು ಬರೆಯುವವರು ಕಟ್ಟೆ ಕಾಲುವೆಗಳನ್ನು ವರ್ಣಿಸುವುದು ವಾಡಿಕೆ. ಅದರಲ್ಲಿನ ಮೀನಿನ ಮಾತು ಬರುವುದು ಅಪರೂಪ. ಮೀನನ್ನು ಉಳಿಸಲು ಹಿಂದಿನವರು ಮಾಡಿದ ಏರ್ಪಾಡುಗಳು ಯಾವುದನ್ನು ಕಾಪಾಡಿದವು, ಯಾವುದನ್ನು ಕಾಪಾಡದೆ ಬಿಟ್ಟವು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೊಳೆಮೀನಿನ ಜೀವನಕ್ರಮವನ್ನು ನೆನೆಯಬೇಕು. ಮುಂಗಾರಿನ ಹೊಸನೀರು ಬಂದೊಡನೆ ಅನೇಕ ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ, ಆಳವಿಲ್ಲದ ಹಳ್ಳಗಳಲ್ಲಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಇವನ್ನು 'ಹತ್ತುಮೀನು' ಎನ್ನುತ್ತಾರೆ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಉಳಿದ ಮೀನುಗಳಿಗೆ ಆಳವಾದ ಮಡುಗಳೇ ಆಶ್ರಯ. ಆದುದರಿಂದ ಮೀನಿಗೆ ಬೇಕಾದುವು ಮೂರು: ಕಾಲಕ್ಕೆ ಸರಿಯಾಗಿ ಬರುವ ನೀರು, ಏರಿಹೋಗಲು ದಾರಿ, ಬೇಸಗೆ ಕಳೆಯಲು ಮಡು.

ಪ್ರಾಚೀನ ಏರ್ಪಾಡುಗಳಲ್ಲಿ ಅಶೋಕನದು ಮೊದಲಿನವುಗಳಲ್ಲೊಂದು. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಂಡುಹಿಡಿದ ಶಾಸನವು ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯಿರಬೇಕೆಂದು ಸಾಮಾನ್ಯವಾಗಿ ವಿಧಿಸುತ್ತದೆ. ಉತ್ತರ ಭಾರತದಲ್ಲಿ ದೊರೆತಿರುವ ಐದನೆಯ ಸ್ತಂಭಶಾಸನವಾದರೋ, ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳ ಜಾತಿ, ವಾಸಸ್ಥಾನ, ಆಹಾರ, ಗಾಳ ಹಾಕುವ ಕ್ರಮ ಇವುಗಳನ್ನು ನಿರೂಪಿಸಿದನು. ಅದು ವಿನೋದದ ಗ್ರಂಥವೇ ಹೊರತು ರಕ್ಷಣೆಯದಲ್ಲ. ಆದರೂ ಯಾವ ಮೀನು ಯಾವ ನೀರಿನದು ಎಂಬ ತಿಳಿವಳಿಕೆ ಕನ್ನಡ ನಾಡಿನ ಅರಮನೆಯಲ್ಲಿ ಇದ್ದಿತೆಂಬುದಕ್ಕೆ ಅದು ಸಾಕ್ಷಿ.

ಜನರ ನಡುವೆ ಬೆಳೆದ ರಕ್ಷಣೆ ಬೇರೆ ಬಗೆಯದು. ತುಂಗೆಯ ದಡದ ಶೃಂಗೇರಿಯಲ್ಲಿಯೂ ಕಪಿಲೆಯ ದಡದ ಶಿಶಿಲದಲ್ಲಿಯೂ ದೇವರ ಮೀನೆಂಬ ಭಕ್ತಿಯಿಂದ ಮೀನು ಹಿಡಿಯುವುದನ್ನು ಬಿಡಲಾಗಿದೆ. ಅಶೋಕನು ದಿನಗಳನ್ನು ಕಾದಿಟ್ಟನು. ಇಲ್ಲಿ ಜನರು ಮಡುವನ್ನು ಕಾದಿಟ್ಟರು. ಆದರೆ 1996ರಲ್ಲಿ ನೀರಿಗೆ ವಿಷ ಬೆರೆತು ಶಿಶಿಲದ ಮೀನುಗಳು ರಾಶಿರಾಶಿಯಾಗಿ ಸತ್ತವು. ಮಡುವನ್ನು ಕಾದರೂ ಅದಕ್ಕೆ ಬರುವ ನೀರನ್ನು ಕಾಯದಿದ್ದರೆ ಫಲವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಧುನಿಕ ಸರ್ಕಾರಗಳು ಹಿಡಿಯುವ ರೀತಿಯ ಮೇಲೆ ಕಣ್ಣಿಟ್ಟವು. ಬ್ರಿಟಿಷ್ ಇಂಡಿಯಾದ 1897ರ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಮೈಸೂರು ಸಂಸ್ಥಾನದಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ 1901ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿತು. ಅದೇ ಕಾಲದಲ್ಲಿ ಹಿರಿಯೂರಿನ ಬಳಿಯ ಮಾರೀಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಏಳುತ್ತಿದ್ದಿತು. 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿದು, ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. ಒಬ್ಬ ಬೆಸ್ತನು ಹೊಳೆಗೆ ವಿಷ ಹಾಕುವುದನ್ನು ಅಪರಾಧವೆಂದು ಎಣಿಸಿದ ಯುಗವು ಹೊಳೆಯನ್ನೇ ತಡೆಯುವುದನ್ನು ಮೀನಿನ ದೃಷ್ಟಿಯಿಂದ ಯೋಚಿಸಲಿಲ್ಲ. ತಿಳಿವಳಿಕೆಯೇ ಇರಲಿಲ್ಲವೆನ್ನುವಂತಿಲ್ಲ, ಅಣೆಕಟ್ಟೆಗಳು ಮೀನಿನ ಸಂಚಾರಕ್ಕೆ ತಡೆಯಾಗುವುದನ್ನು ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು 1873ರ ವರದಿಯಲ್ಲಿಯೇ ವಿವರಿಸಿದ್ದನು.

ಈ ಹೊಳೆಗಳಿಗೆ ಮೊದಲೂ ಅಡ್ಡಕಟ್ಟೆಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು, ಅಯ್ಯನಕೆರೆ, ಮದಗದ ಕೆರೆಗಳು ಅಂಥವು. ಆದರೆ ಕೆರೆ ತುಂಬಿ ಕೋಡಿಬಿದ್ದಾಗ ಹೆಚ್ಚಿನ ನೀರು ಕೆಳಗಿನ ಹೊಳೆಗೆ ಸಲ್ಲುತ್ತಿದ್ದಿತು. ವಾಣಿವಿಲಾಸ ಸಾಗರದ ಗಾತ್ರವೇ ಬೇರೆ: ಅದರ ಪೂರ್ಣಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಶತಕೋಟಿ ಘನ ಅಡಿ. 1933ರಲ್ಲಿ ತುಂಬಿ ಕೋಡಿಬಿದ್ದ ಈ ಜಲಾಶಯವು ಮತ್ತೆ ಕೋಡಿಬಿದ್ದುದು 2022ರಲ್ಲಿ. ನಡುವಣ 89 ವರ್ಷ ಕೋಡಿಯ ನೀರು ಕೆಳಗಿನ ಪಾತ್ರಕ್ಕೆ ಹರಿಯಲಿಲ್ಲ. ಕಟ್ಟೆಯ ನೀರು ಹಿರಿಯೂರಿನ ಗದ್ದೆ ತೋಟಗಳಿಗೆ ಜೀವ ಕೊಟ್ಟಿತು. ಬರಗಾಲದ ಸೀಮೆಗೆ ಅದು ಮಹೋಪಕಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹೊಸನೀರಿನ ಸೂಚನೆಯನ್ನು ಕಾಯುವ ಹತ್ತುಮೀನಿಗೆ ನದಿಯು ಅಲ್ಲಿಗೇ ಕೊನೆಗೊಂಡಿತು.

ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರು ಈ ಜಲಾಶಯಕ್ಕೆ ಬರುತ್ತಿದೆ. ಚಿತ್ರದುರ್ಗದ ಒಣಭೂಮಿಗೆ ಈ ನೀರು ಅಗತ್ಯ. ಆದರೆ ನೀರಿನ ಹಂಚಿಕೆಯನ್ನು ಲೆಕ್ಕಹಾಕುವಾಗ ಗದ್ದೆಯ ಪಾಲು, ಊರಿನ ಪಾಲುಗಳ ಜೊತೆಗೆ ನದಿಯ ಪಾತ್ರಕ್ಕೂ ಒಂದು ಪಾಲು ಸಲ್ಲಬೇಕು. ಮುಂಗಾರಿನ ಆರಂಭದಲ್ಲಿ ಕೆಲವು ದಿನ ಕೆಳಪಾತ್ರಕ್ಕೆ ನೀರು ಬಿಡುವುದು, ಮರಳೆತ್ತಿ ಮಡುಗಳನ್ನು ಕೆಡಿಸದಿರುವುದು, ಇವು ಅಸಾಧ್ಯವಾದ ಕಾರ್ಯಗಳೇನೂ ಅಲ್ಲ.

ಹಿಂದಿನವರು ದಿನವನ್ನು ಕಾದರು, ಮಡುವನ್ನು ಕಾದರು, ಬಲೆಯನ್ನು ನಿಯಂತ್ರಿಸಿದರು. ನೀರನ್ನು ಕಾಯುವ ಕೆಲಸ ಇನ್ನೂ ಉಳಿದಿದೆ. ರಾಮಗಿರಿ, ಹೊಸದುರ್ಗಗಳ ಸುತ್ತಿನ ಹಳ್ಳಗಳಲ್ಲಿ ಹಿಂದೆ ಯಾವ ಮೀನು ಯಾವ ತಿಂಗಳಲ್ಲಿ ಏರುತ್ತಿದ್ದಿತೆಂಬುದನ್ನು ಹೇಳಬಲ್ಲ ಹಿರಿಯ ಬೆಸ್ತರು ಇರುವಾಗಲೇ ನಮ್ಮ ವಿದ್ಯಾರ್ಥಿಗಳು ಅವರ ಮಾತನ್ನು ಬರೆದಿಟ್ಟುಕೊಂಡರೆ, ಅದು ಚರಿತ್ರೆಗೂ ಸಲ್ಲುವ ಸೇವೆ, ನದಿಗೂ ಸಲ್ಲುವ ಸೇವೆ.