ಅಪ್ಪನ ಕಾಂಟೆಸ್ಸಾ, ಪುಣೆಯ ಗಲ್ಲಿ ಮತ್ತು ಒಂದು ರಬ್ಬರ್ ಬುಶ್

ಇವತ್ತಿನ ಮಾತು ಕಾರಿನ ಬಗ್ಗೆ. ಆದರೆ ಇದು ಕಾರ್ ರಿವ್ಯೂ ಅಲ್ಲ, ಇತಿಹಾಸದ ಪಾಠಾನೇ. ಮಧ್ಯೆ ಸ್ವಲ್ಪ ಸ್ಪ್ರಿಂಗು, ಸ್ವಲ್ಪ ಗಾಳಿ ಬರುತ್ತೆ, ಅಷ್ಟೆ.

ನಾನಿರೋದು ಪುಣೆಯ ಸದಾಶಿವ ಪೇಠಿನಲ್ಲಿ, ಒಂದು ಹಳೇ ವಾಡೆಯ ಮೇಲಿನ ಮಾಳಿಗೆಯಲ್ಲಿ. ಆಫೀಸು ಹಿಂಜವಡಿ. ಐಟಿಯವರು ಯಾರಾದ್ರೂ ಇಷ್ಟು ದೂರ ಮನೆ ಮಾಡ್ತಾರಾ ಅಂತ ಎಲ್ಲರೂ ಕೇಳ್ತಾರೆ. ಭಾರತ ಇತಿಹಾಸ ಸಂಶೋಧಕ ಮಂಡಳ ಇಲ್ಲೇ ನಡಿಗೆ ದೂರದಲ್ಲಿದೆ. 1910ರಲ್ಲಿ ರಾಜವಾಡೆ ಮತ್ತು ಮೆಹೆಂದಳೆ ಅವರು ಕಟ್ಟಿದ ಸಂಸ್ಥೆ. ನನ್ನಂಥವನಿಗೆ ಅಷ್ಟು ಸಾಕು. ಆದರೆ ಈ ಪೇಠಿನಲ್ಲಿ ಕಾರು ಇಟ್ಟುಕೊಳ್ಳೋದು ಒಂದು ತಪಸ್ಸು. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು ಅಂತ ನಮ್ಮ ಗಲ್ಲಿಯಲ್ಲೇ ಮೂರು ಪಾಟಿ ಇವೆ. ಸದಾಶಿವ ಪೇಠಿನ ಏರೋಡೈನಮಿಕ್ಸ್ ಅಂದರೆ ಮೊದಲು ಇದು.

ಹೋದ ವರ್ಷ ಹುಬ್ಬಳ್ಳಿಯಿಂದ ಅಪ್ಪನ ಕಾಂಟೆಸ್ಸಾ ತಂದೆ. 1990ರ ಗಾಡಿ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅವ್ವ ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ಒಯ್ತೀ ಏನು, ಇಲ್ಲಾ ಗುಜರಿಗೆ ಕೊಡ್ಲೇನಪಾ?" ಗುಜರಿ ಅನ್ನೋ ಶಬ್ದ ಕೇಳಿ ಎದೆ ಧಸಕ್ಕಂತು. ಟೈರು, ಬ್ಯಾಟರಿ ಹಾಕಿಸಿ, ಬ್ರೇಕ್ ನೋಡಿಸಿ, ಹೊರಟೆ.

ಸಾತಾರಾ ದಾಟುವವರೆಗೂ ಏನೂ ತೊಂದರೆ ಇರಲಿಲ್ಲ. ಖಂಬಾಟಕಿಗಿಂತ ಸ್ವಲ್ಪ ಮೊದಲು ರಸ್ತೆ ಖಾಲಿ ಇತ್ತು, ನೂರು ದಾಟಿಸಿದೆ. ಪಕ್ಕದಿಂದ ಒಂದು ವೋಲ್ವೋ ಬಸ್ಸು ಭರ್ ಅಂತ ಹೋಯ್ತು. ಆ ಗಾಳಿಗೆ ಗಾಡಿಯ ಹಿಂಭಾಗ ಎಡಕ್ಕೆ ಸರಿದು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಸ್ಟೇರಿಂಗ್ ನಾನು ತಿರುಗಿಸೇ ಇಲ್ಲ. ಗಾಡಿ ತಾನೇ ತೇಲಾಡಿತು. ಮೂರು ಸೆಕೆಂಡ್ ಇರಬಹುದು. ಪಕ್ಕದ ಸೀಟಿನಲ್ಲಿ ಅವ್ವ ಇದ್ದಳು. ಏನೂ ಅನ್ನಲಿಲ್ಲ, ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಪುಣೆವರೆಗೂ ಆ ಮುಷ್ಟಿ ಬಿಡಲಿಲ್ಲ.

ಆವತ್ತೇ ನಿರ್ಧಾರ ಮಾಡಿದೆ: ಗಾಡಿ ಸರಿ ಮಾಡಿಸಬೇಕು, ಇಲ್ಲಾ ಮಾರಬೇಕು. ಮೊದಲು ಹೋದ ಗ್ಯಾರೇಜಿನ ಹುಡುಗ ಒಂದು ಪಟ್ಟಿ ಕೊಟ್ಟ. ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸೋಣ, ಅಗಲ ಟೈರ್ ಹಾಕೋಣ, ಡಿಕ್ಕಿ ಮೇಲೆ ದೊಡ್ಡ ರೆಕ್ಕೆ ಕೂರಿಸೋಣ. "ಸರ್, ಇಂಡಿಯಾದ ಮಸಲ್ ಕಾರ್ ಇದು, ಹಂಗೇ ಕಾಣಬೇಕು." ನನಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಇತಿಹಾಸದ ಚಟ ನೋಡಿ. ಮಸಲ್ ಕಾರ್ ಅಂದರೆ ನಿಜಕ್ಕೂ ಏನು, ಅದನ್ನು ಮಾಡಿದವರೇ ಅದನ್ನು ಹೇಗೆ ತಿದ್ದಿದರು ಅಂತ ಓದೋಕೆ ಕೂತೆ.

ಕಥೆ ಶುರುವಾಗೋದು 1964ರ ಅಮೆರಿಕದಲ್ಲಿ, ಪಾಂಟಿಯಾಕ್ ಜಿಟಿಒ ಇಂದ. ಮಧ್ಯಮ ಗಾತ್ರದ ಒಂದು ಸಾಧಾರಣ ಕಾರಿನೊಳಗೆ ಸುಮಾರು 6.4 ಲೀಟರಿನ ದೊಡ್ಡ ಎಂಜಿನ್ ತುರುಕಿದರು. 325 ಅಶ್ವಶಕ್ತಿ. ಆದರೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಂದರೆ ಓಡಿಸುವ ಶಕ್ತಿ ಮೊದಲು ಬಂತು, ನಿಲ್ಲಿಸುವ ಶಕ್ತಿ, ತಿರುಗಿಸುವ ಶಕ್ತಿ ಆಮೇಲೆ.

ಆ ಕೊರತೆ ಅವರಿಗೆ ಬೇಗನೇ ಗೊತ್ತಾಯ್ತು. 1965ರಲ್ಲಿ ಕ್ಯಾರೊಲ್ ಶೆಲ್ಬಿ ಫೋರ್ಡ್ ಮಸ್ಟ್ಯಾಂಗನ್ನು ತಗೊಂಡು ಜಿಟಿ 350 ಮಾಡಿದಾಗ, ಮುಂದಿನ ಚಕ್ರ ಹಿಡಿಯುವ ಮೇಲಿನ ತೋಳಿನ ತೂತನ್ನು ಒಂದು ಇಂಚು ಕೆಳಗೆ ಕೊರೆದರು. ಬರೀ ಒಂದು ಇಂಚು! ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರದ ತಲೆ ಹೊರಕ್ಕೆ ಬಾಗಿ ಟೈರಿನ ಅಂಚು ಮಾತ್ರ ನೆಲ ಹಿಡಿಯುತ್ತಿತ್ತು. ತೋಳಿನ ಕೋನ ಬದಲಾದದ್ದೇ, ಟೈರು ಹೆಚ್ಚು ಚಪ್ಪಟೆಯಾಗಿ ನೆಲಕ್ಕೆ ಕೂತಿತು. ಜೊತೆಗೆ ಒಳ್ಳೆಯ ಶಾಕ್ ಅಬ್ಸಾರ್ಬರ್, ಮುಂದೆ ದಪ್ಪ ಆಂಟಿ ರೋಲ್ ಬಾರ್. ಸಸ್ಪೆನ್ಷನ್ ಸುಧಾರಣೆ ಅಂದರೆ ಇದು. ಗಾಡಿಯನ್ನು ತಗ್ಗು ಮಾಡೋದೇ ಗುರಿ ಅಲ್ಲ, ಟೈರು ನೆಲ ಬಿಡದ ಹಾಗೆ ನೋಡಿಕೊಳ್ಳೋದು ಗುರಿ.

ಗಾಳಿಯ ಕಥೆ ಇನ್ನೂ ಚೆನ್ನಾಗಿದೆ. ಡಾಡ್ಜ್ ಚಾರ್ಜರ್ ನೋಡೋಕೆ ಹುಲಿ. ಆದರೆ ಒಳಕ್ಕೆ ತಗ್ಗಿದ ಗ್ರಿಲ್ ಗಾಳಿಯನ್ನು ಬೊಗಸೆ ಹಾಗೆ ಹಿಡಿಯುತ್ತಿತ್ತು, ಹಿಂದಿನ ಗಾಜಿನ ಹಳ್ಳದಲ್ಲಿ ಗಾಳಿ ಸುಳಿ ಸುತ್ತುತ್ತಿತ್ತು. ರೇಸ್ ಟ್ರ್ಯಾಕಿನ ವೇಗದಲ್ಲಿ ಕಾರು ಮೇಲಕ್ಕೆ ಏಳಲು ನೋಡುತ್ತಿತ್ತು. ಕ್ರೈಸ್ಲರ್ ಕಂಪನಿಯ ಕ್ಷಿಪಣಿ ವಿಭಾಗದಲ್ಲಿ ಕೆಲಸ ಮಾಡಿದ್ದ ಎಂಜಿನಿಯರುಗಳೂ ಕೈ ಹಾಕಿದರು. 1969ರ ಚಾರ್ಜರ್ ಡೇಟೋನಾಗೆ ಚೂಪಾದ ಮೂಗು ಬಂತು, ಹಿಂದೆ 23 ಇಂಚು ಎತ್ತರದ ರೆಕ್ಕೆ ಬಂತು. 1970ರ ಮಾರ್ಚ್ 24ರಂದು ಟಾಲಡೇಗಾದಲ್ಲಿ ಬಡ್ಡಿ ಬೇಕರ್ ಅಂಥದ್ದೊಂದು ಕಾರನ್ನು ಗಂಟೆಗೆ 200 ಮೈಲಿ ದಾಟಿಸಿದರು, ಅಂದರೆ ಸುಮಾರು 322 ಕಿಲೋಮೀಟರ್. ಇಷ್ಟು ವೇಗ ಬೇಡ ಅನ್ನಿಸಿತೋ ಏನೋ, 1971ಕ್ಕೆ ನಾಸ್ಕಾರ್ ಆ ರೆಕ್ಕೆ ಕಾರುಗಳಿಗೆ ಎಂಜಿನ್ ಗಾತ್ರದ ಮಿತಿ ಹಾಕಿತು. ಅಲ್ಲಿಗೆ ಅವುಗಳ ಆಟ ಮುಗಿಯಿತು.

ಗಮನಿಸಿ: ರೆಕ್ಕೆ ಬೇಕಾದದ್ದು 300ರ ವೇಗಕ್ಕೆ. ಗಾಳಿಯ ಲೆಕ್ಕ ಹೀಗಿದೆ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ಒತ್ತಡ ಎರಡೂಕಾಲು ಪಟ್ಟಾಗುತ್ತೆ. ಆ ಒತ್ತಡವನ್ನು ತಳ್ಳಲು ಬೇಕಾದ ಎಂಜಿನ್ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ 80ರಲ್ಲಿ ಅಂಥಾ ಏನೂ ಅನ್ನಿಸದ ಗಾಳಿ 120ರಲ್ಲಿ ಯಜಮಾನ ಆಗುತ್ತೆ. ಲಕ್ಷ್ಮೀ ರೋಡಿನಲ್ಲಿ 15ರಲ್ಲಿ ಹೋಗುವ ಗಾಡಿಗೆ ರೆಕ್ಕೆ ಅಂದರೆ ಬಟ್ಟೆ ಒಣಹಾಕೋಕೆ ಆಗಬಹುದು.

ಈಗ ನಮ್ಮ ಕಾಂಟೆಸ್ಸಾಗೆ ಬರೋಣ. ಇದನ್ನು ಇಂಡಿಯಾದ ಮಸಲ್ ಕಾರ್ ಅಂತ ಕರೆಯೋದು ಬರೀ ಉದ್ದನೆಯ ಬಾನೆಟ್ ನೋಡಿ ಅಂತ ತಿಳಿದಿದ್ದೆ. ರಕ್ತಸಂಬಂಧವೂ ಇದೆ. ಇದರ ಮೈ 1972ರ ಬ್ರಿಟಿಷ್ ವಾಕ್ಸ್‌ಹಾಲ್ ವಿಕ್ಟರ್‌ದು. ವಾಕ್ಸ್‌ಹಾಲ್ 1925ರಿಂದಲೇ ಜನರಲ್ ಮೋಟಾರ್ಸ್ ಕೈಯಲ್ಲಿತ್ತು. ಜಿಟಿಒ ಮಾಡಿದ ಪಾಂಟಿಯಾಕೂ ಅದೇ ಮನೆ. ಅಲ್ಲಿ ಅದರ ಕಾಲ ಮುಗಿದ ಮೇಲೆ ಹಿಂದೂಸ್ತಾನ್ ಮೋಟಾರ್ಸ್ ಅಚ್ಚುಗಳನ್ನು ತರಿಸಿಕೊಂಡು 1984ರಲ್ಲಿ ಕಾಂಟೆಸ್ಸಾ ಬಿಟ್ಟಿತು. ಒಳಗೆ ಕೂರಿಸಿದ್ದು ಅಂಬಾಸಿಡರ್‌ನ 1489 ಸಿಸಿ ಎಂಜಿನ್. ಐವತ್ತರ ಆಸುಪಾಸು ಅಶ್ವಶಕ್ತಿ! ಪೈಲ್ವಾನನ ಮೈ, ಪಾಪ, ಹೊಟ್ಟೆಗೆ ಗಂಜಿ. ಆಮೇಲೆ 1.8 ಲೀಟರಿನ ಇಸುಜು ಎಂಜಿನ್ ಬಂದು ಶಕ್ತಿ 85ರ ಹತ್ತಿರ ಹೋಯ್ತು, ಐದು ಗೇರ್ ಬಂದವು. ಅಪ್ಪನದು ಅದೇ.

ಇಲ್ಲೇ ಕಥೆ ತಿರುವು ತಗೊಳ್ಳೋದು. ಅಮೆರಿಕದ ಕಾರುಗಳಲ್ಲಿ ಎಂಜಿನ್ ದೊಡ್ಡದು, ಹಿಡಿತ ಕಡಿಮೆ. ನಮ್ಮದರಲ್ಲಿ ಉಲ್ಟಾ. ಅಂಬಾಸಿಡರ್‌ಗೆ ಹಿಂದೆ ಪಟ್ಟಿ ಸ್ಪ್ರಿಂಗು, ಕುದುರೆ ಗಾಡಿಯಿಂದ ಬಂದ ವಿದ್ಯೆ. ಕಾಂಟೆಸ್ಸಾಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಮುಂದಿನ ಚಕ್ರಗಳಿಗೆ ಜೋಡಿ ತೋಳು. ಹಿಂದಿನ ಆಕ್ಸಲ್ ಮುಂದೆ ಹಿಂದೆ ಹೋಗದ ಹಾಗೆ ಉದ್ದುದ್ದ ತೋಳುಗಳು, ಅಡ್ಡ ಸರಿಯದ ಹಾಗೆ ಪ್ಯಾನ್‌ಹಾರ್ಡ್ ರಾಡ್ ಅನ್ನೋ ಒಂದು ಅಡ್ಡ ಕಂಬಿ. ಆ ಕಾಲದ ನಮ್ಮ ರಸ್ತೆಗೆ ಇದು ಬೇಕಾದಷ್ಟಾಯ್ತು. ಒಂದು ವ್ಯಂಗ್ಯ ನೋಡಿ: ಕಾಂಟೆಸ್ಸಾ ತಯಾರಿ ನಿಂತದ್ದು 2002ರಲ್ಲಿ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದದ್ದೂ 2002ರಲ್ಲೇ. ಅದಕ್ಕೆ ತಕ್ಕ ರಸ್ತೆ ಬರುವ ಹೊತ್ತಿಗೆ ಗಾಡಿ ಮುಗಿದಿತ್ತು.

ನಮ್ಮಲ್ಲಿ ಗಾಳಿಯ ವಿದ್ಯೆ ಇರಲಿಲ್ಲ ಅಂತಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಪ್ರೀಮಿಯರ್ ಪದ್ಮಿನಿ ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಕೂಡ ಅವರದೇ, 1944ರದು. ಕೊಲ್ಲಾಪುರ ಸೀಮೆಯ ವಿ. ಎಂ. ಘಾಟಗೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಹತ್ತಿರ ಓದಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನ ಕಲಿಸಿದರು. ಅವರು ರೂಪಿಸಿದ ಎಚ್‌ಟಿ-2 ವಿಮಾನ 1951ರಲ್ಲಿ ಹಾರಿತು. ಆಗ ಗಾಳಿ ಬಲ್ಲವರು ಈ ಕಡೆಯಿಂದ ಬೆಂಗಳೂರಿಗೆ ಹೋದರು. ಈಗ ನಾವು ಕೋಡ್ ಬರೆಯೋಕೆ ಆ ಕಡೆಯಿಂದ ಪುಣೆಗೆ ಬರ್ತೀವಿ. ಆದರೆ ಆ ವಿದ್ಯೆ ವಿಮಾನಕ್ಕೆ ಹೋಯ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿ ಇದ್ದಾಗ ಕಾರಿನ ಮೂಗು ತಿದ್ದುವ ದರ್ದು ಯಾರಿಗಿತ್ತು?

ಇಷ್ಟು ಓದಿಕೊಂಡು ಎರಡನೇ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು, ಹಳೇ ಗಾಡಿ ಮಾತ್ರ ಮುಟ್ಟುತ್ತಾರೆ, ಮಧ್ಯಾಹ್ನ ಒಂದರಿಂದ ನಾಲ್ಕು ಮಾತಾಡಿಸೋ ಹಾಗಿಲ್ಲ. ನಾನು ಡೇಟೋನಾ, ಶೆಲ್ಬಿ ಅಂತ ಶುರು ಮಾಡಿದೆ. ಕಾಕಾ ಕೇಳಿಸಿಕೊಂಡರು, ಗಾಡಿ ಎತ್ತಿದರು, ಕೆಳಗೆ ಹೋಗಿ ಆ ಅಡ್ಡ ಕಂಬಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್, ಟಕ್. ಕಂಬಿಯ ಕಿವಿಯೊಳಗಿನ ರಬ್ಬರ್ ಬುಶ್ ಪುಡಿ ಪುಡಿಯಾಗಿತ್ತು. ಎರಡು ವರ್ಷ ನಿಂತಲ್ಲೇ ನಿಂತ ಗಾಡಿ ಅಲ್ಲವೇ. ಬಸ್ಸಿನ ಗಾಳಿ ಮೈಯನ್ನು ತಳ್ಳಿದಾಗ ಮೈ ಒಂದು ಕಡೆ, ಆಕ್ಸಲ್ ಒಂದು ಕಡೆ. ಹಿಂದಿನ ಸ್ಪ್ರಿಂಗುಗಳು ಕುಸಿದು ಮೂಗು ಮೇಲೆದ್ದಿತ್ತು. ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿ ಒಣಗಿದ್ದವು, ಹಾಗಾಗಿ ಒಮ್ಮೆ ಶುರುವಾದ ತೊನೆದಾಟ ನಿಲ್ಲಲಿಲ್ಲ.

"ಗಾಳಿ ತಪ್ಪು ಮಾಡಿಲ್ಲ ಮಗಾ, ಗಾಡಿ ತನ್ನ ಕಾಲ ಮೇಲೆ ನಿಂತಿಲ್ಲ," ಅಂದರು ಕಾಕಾ, ಮರಾಠಿಯಲ್ಲಿ.

ಆವತ್ತು ನನಗೆ ಅರ್ಥವಾದದ್ದು ಇದು: ಸಸ್ಪೆನ್ಷನ್ ಬೇರೆ, ಏರೋಡೈನಮಿಕ್ಸ್ ಬೇರೆ ಅಲ್ಲ. ಗಾಡಿ ಗಾಳಿಗೆ ಯಾವ ಭಂಗಿಯಲ್ಲಿ ಮುಖ ಕೊಡಬೇಕು ಅಂತ ತೀರ್ಮಾನಿಸೋದು ಸ್ಪ್ರಿಂಗು. ಮೂಗು ಎತ್ತಿ ನಿಂತ ಗಾಡಿಯ ಅಡಿಗೆ ಗಾಳಿ ಜಾಸ್ತಿ ನುಗ್ಗುತ್ತೆ. ಅದನ್ನು ಸಮ ಮಾಡದೆ ಡಿಕ್ಕಿ ಮೇಲೆ ರೆಕ್ಕೆ ಇಟ್ಟರೆ ಹಿಂಭಾಗ ಇನ್ನೂ ಕೆಳಗೆ, ಮೂಗು ಇನ್ನೂ ಮೇಲೆ.

ನಮ್ಮ ಪೇಠಿನ ಹೆಸರೇ ಈ ಪಾಠ ಹೇಳುತ್ತೆ. ಮಾಧವರಾವ್ ಪೇಶ್ವೆ ಕಾಲದಲ್ಲಿ ಈ ಪೇಠಿಗೆ ಹೆಸರಿಟ್ಟದ್ದು ಸದಾಶಿವರಾವ್ ಭಾವೂ ನೆನಪಿಗೆ. 1761ರ ಜನವರಿ 14, ಪಾಣಿಪತ್. ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳ ಬಲ ಇತ್ತು. ಆದರೆ ಸೈನ್ಯದ ಬೆನ್ನಿಗೆ ಭಾರೀ ಪರಿವಾರ, ಯಾತ್ರಿಕರು. ಧಾನ್ಯ ಬರುವ ದಾರಿಯನ್ನು ಅಬ್ದಾಲಿ ಕಡಿದು ಹಾಕಿದ್ದ. ಹಸಿದ ಹೊಟ್ಟೆಯಲ್ಲಿ ಯುದ್ಧಕ್ಕಿಳಿದರು. ಎಂಜಿನ್ ಚೆನ್ನಾಗಿತ್ತು, ಅಡಿಪಾಯ ಅಲ್ಲಾಡಿತ್ತು. ಹೋಲಿಕೆ ಪೂರ್ತಿ ಸರಿ ಅಂತ ನಾನು ವಾದ ಮಾಡಲ್ಲ, ಆದರೆ ಮನೆಯ ವಿಳಾಸ ಬರೆಯುವಾಗೆಲ್ಲ ಈಗ ಇದು ನೆನಪಾಗುತ್ತೆ.

ಹಾಗಾದರೆ ಏನು ಮಾಡಿಸಿದೆ? ಬುಶ್‌ಗಳೆಲ್ಲ ಹೊಸವು. ನಾಲ್ಕು ಶಾಕ್ ಅಬ್ಸಾರ್ಬರ್. ಹಿಂದೆ ಮೂಲ ಅಳತೆಯದೇ ಸ್ಪ್ರಿಂಗ್. ಕಂಪನಿ ಹೇಳಿದ ಅಳತೆಯ ಟೈರು, ಅಲೈನ್‌ಮೆಂಟು. ರೆಕ್ಕೆ ಇಲ್ಲ, ಕತ್ತರಿ ಇಲ್ಲ. ಇದಕ್ಕೆ ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಇನ್ನೊಂದು, 2021ರ ನಿಯಮ: 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಮೈ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಅಪ್ಪನ ಗಾಡಿಗೆ 50 ತುಂಬೋದು 2040ಕ್ಕೆ. ಇವತ್ತು ಶೋಕಿಗೆ ಕತ್ತರಿಸಿದರೆ ಆವತ್ತು ಅದು ಬರೀ ಹಳೇ ಕಬ್ಬಿಣ. ಅವ್ವ ಹೇಳಿದ ಗುಜರಿಯೇ ಗತಿ.

ಗದಗ ಸೀಮೆಯಿಂದ ಬಂದು ಪುಣೆಯವರೇ ಆಗಿಹೋದ ಭೀಮಸೇನ ಜೋಶಿಯವರಿಗೆ ಕಾರಿನ ಹುಚ್ಚಿತ್ತು. ಊರೂರಿನ ಕಚೇರಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಈ ಊರಿನಲ್ಲಿ ಕನ್ನಡದವರು ಸ್ಟೇರಿಂಗ್ ಹಿಡಿದದ್ದು ಹೊಸದೇನಲ್ಲ. ಹೋದ ತಿಂಗಳು ನಾನೂ ಅವ್ವನನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟೆ. ಖಂಬಾಟಕಿ ದಾಟಿದ ಮೇಲೆ 90ರಲ್ಲಿ ಹೋಗ್ತಿದ್ದೆ, ಪಕ್ಕದಿಂದ ಮತ್ತೆ ಒಂದು ಬಸ್ಸು. ಗಾಡಿ ಒಂದು ಸಲ ಮೈ ಕೊಡವಿ ಸುಮ್ಮನಾಯ್ತು. ಓರೆಗಣ್ಣಲ್ಲಿ ಪಕ್ಕಕ್ಕೆ ನೋಡಿದೆ. ಅವ್ವ ನಿದ್ದೆ ಹೋಗಿದ್ದಳು, ಕೈ ಬಿಚ್ಚಿಕೊಂಡು ಮಡಿಲ ಮೇಲಿತ್ತು.

ನಿಮ್ಮ ಊರಿನ ಅಂಗಳದಲ್ಲೂ ಒಂದು ಗಾಡಿ ತಾಡಪತ್ರಿ ಹೊದ್ದು ನಿಂತಿದ್ದರೆ, ಮುಂದಿನ ಸಲ ಹೋದಾಗ ಒಮ್ಮೆ ಅದರ ಅಡಿಗೆ ಬಗ್ಗಿ ನೋಡಿ.