ಡಂಬಳದ ಕೆರೆಯೂ ಅಗಸಿಯ ಎಣ್ಣೆಯೂ

ಗುಡ್ಡದ ಮಡಿಲಿನ ಕೆರೆಯನ್ನು ಎಣ್ಣೆಬಣ್ಣದಲ್ಲಿ ಬರೆಯುವ ವಿದ್ಯೆ ನಮಗೆ ಮುಂಬಯಿಯಿಂದ ಬಂದಿತೆನ್ನುತ್ತಾರೆ. ಮಾತು ಸುಳ್ಳಲ್ಲ. 1956ರ ವರೆಗೆ ಗದಗು ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಸಂಸ್ಥಾನಗಳ ಕಾಲದಲ್ಲಿ ಲಕ್ಷ್ಮೇಶ್ವರ ಮಿರಜಿಗೂ ಶಿರಹಟ್ಟಿ ಸಾಂಗಲಿಗೂ ಸೇರಿದ್ದವು. ಚಿತ್ರ ಕಲಿಯಬೇಕೆಂದವನು 1857ರಲ್ಲಿ ತೆರೆದ ಮುಂಬಯಿಯ ಜೆ. ಜೆ. ಕಲಾಶಾಲೆಯತ್ತ ಮುಖಮಾಡುತ್ತಿದ್ದನು. ಅಲ್ಲಿ ಕಲಿತ ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾಮಂದಿರವನ್ನು ಕಟ್ಟಿದರು.

ವಿದ್ಯೆ ಮುಂಬಯಿಯದಾಯಿತು; ಎಣ್ಣೆ ಎಲ್ಲಿಯದು? ಆ ಬಣ್ಣವನ್ನು ಅರೆಯುವುದು ಅಗಸಿಯ ಎಣ್ಣೆಯಲ್ಲಿ. ನಮ್ಮ ಎರೆಹೊಲದಲ್ಲಿ ಬೆಳೆದು, ರೊಟ್ಟಿಯ ಮಗ್ಗುಲಿಗೆ ಚಟ್ನಿಪುಡಿಯಾಗಿ ಬರುವ ಅದೇ ಅಗಸಿ! ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಆದುದರಿಂದಲೇ ಮೇಲಿನ ಲೇಪಕ್ಕೆ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಬೇಕು; ಇಲ್ಲವಾದರೆ ಚಿತ್ರ ಬಿರಿಯುತ್ತದೆ. ಬಿಳಿ ಬೇಗ ಹಳದಿಗಟ್ಟಬಾರದೆಂದು ಕುಸುಬಿಯ ಎಣ್ಣೆ ಬಳಸುವುದುಂಟು. ಅದೂ ನಮ್ಮ ಹೊಲದ್ದೇ. ಫ್ಲಾಂಡರ್ಸಿನ ವಾನ್ ಐಕ್ ಹದಿನೈದನೆಯ ಶತಮಾನದಲ್ಲಿ ಪಳಗಿಸಿದ ಈ ಎಣ್ಣೆಯನ್ನು ನಾವು ಒಗ್ಗರಣೆಗೆ ಇಟ್ಟುಕೊಂಡೆವು.

ಹೀಗೇಕಾಯಿತು? ನನಗೆ ತೋರುವಂತೆ, ನಮ್ಮಲ್ಲಿ ಗುಡ್ಡವೂ ನೀರೂ ಕವಿಯ ಪಾಲಿಗೆ ಹೋದವು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪರ್ವತವಿದೆ, ಜಲಕ್ರೀಡೆಯಿದೆ. ಪುಲಿಗೆರೆಯ, ಎಂದರೆ ಲಕ್ಷ್ಮೇಶ್ವರದ, ತಿರುಳ್ಗನ್ನಡವನ್ನು ಹೆಸರಿಸಿ ಹೆಮ್ಮೆಪಟ್ಟ ಪಂಪನಿಗೆ ಕುಂಚದ ಹಂಗಿರಲಿಲ್ಲ. ಲಕ್ಕುಂಡಿ, ಡಂಬಳಗಳ ಶಿಲ್ಪಿಗಳು ದೇವರನ್ನೂ ಬಳ್ಳಿಯನ್ನೂ ಕಡೆದರು. ಬರಿಯ ಭೂದೃಶ್ಯ ಅವರಿಗೆ ವಸ್ತುವೆನಿಸಲಿಲ್ಲ. ಮುಂದೆ ಕೆ. ವೆಂಕಟಪ್ಪನವರು ಉದಕಮಂಡಲದ ಬೆಟ್ಟಗಳನ್ನು ಬರೆದಾಗಲೂ ಆರಿಸಿಕೊಂಡುದು ಜಲವರ್ಣವನ್ನೇ.

ನನಗೆ ಅಸಮಾಧಾನವಿರುವುದು ಬೇರೊಂದು ವಿಷಯದಲ್ಲಿ. ಎಣ್ಣೆಬಣ್ಣ ಕೈಗೆ ಬಂದೊಡನೆ ಹುಡುಗರು ಅಚ್ಚಿನ ಪಟ ನೋಡಿ ಹಿಮದ ಶಿಖರ, ನೀಲಿ ಸರೋವರ ಬರೆಯತೊಡಗುತ್ತಾರೆ. ಮುಂಡರಗಿ ತಾಲೂಕಿನ ಡಂಬಳದ ಏರಿಯ ಮೇಲೆ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಮಳೆಗಾಲದಲ್ಲಿ ಹಸಿರು, ಬೇಸಗೆಯಲ್ಲಿ ಕಂದು. ದೂರದ ಸಾಲಿಗೆ ಮಾತ್ರ ಗಾಳಿಯೇ ನೀಲಿ ಬಳಿದಿರುತ್ತದೆ. ನೀರಿನಲ್ಲಿ ಕಪ್ಪು ನೆರಳು ತುಸು ತಿಳಿಯಾಗಿಯೂ ಬೆಳಕು ತುಸು ಮಂಕಾಗಿಯೂ ಮೂಡುವುದನ್ನು ಇಲ್ಲಿಯೇ ಕಲಿಯಬಹುದು, ಪಟದಿಂದ ಕಲಿಯಲಾಗದು. ಕೆಂಪು ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡೇ ಚಿತ್ರಕಾರನ ಕಾವಿಯಲ್ಲಿಯೂ ಇದೆ. 2019ರಲ್ಲಿ ಈ ಗುಡ್ಡ ವನ್ಯಜೀವಿಧಾಮವೂ ಆಯಿತು.

ಹಿಮದ ನಾಡಿನ ಸರೋವರವೇ ಬೇಕೆನ್ನುವವರು ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಲಿ. 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಈ ಕೆರೆಗೆ ಮಧ್ಯ ಏಷ್ಯದ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ನಮ್ಮ ಬಗ್ಗಡದ ನೀರಿನ ಮೇಲೆ ತೇಲುತ್ತಿರುತ್ತವೆ.